ಅಳತೆ ಬುಕ್ಕು ಇಟ್ಕೊಂಡು ಪುರಸಭೆ ಎಲೆಕ್ಷನ್ ಗೆದ್ದಿದ್ದು: ನನ್ನ ಅನುಭವ

ಟೈಲರಿಂಗ್ ಮಾಡ್ಕೊಂಡಿದ್ದೋಳು ಪುರಸಭೆ ಮೆಂಬರ್ ಹೆಂಗಾದೆ ಅಂತ ಈಗ್ಲೂ ಕೇಳ್ತಿರ್ತಾರೆ, ಅದ್ರಲ್ಲೂ ಮುಂದೆ ನಿಲ್ಬೇಕು ಅಂತಿರೋ ಹೆಣ್ಮಕ್ಳು ಫೋನ್ ಮಾಡಿ ಅಕ್ಕ ಎಷ್ಟು ಖರ್ಚಾಯ್ತು ಅಂತ ಮೊದ್ಲು ಅದನ್ನೇ ಕೇಳೋದು. ಒಬ್ಬೊಬ್ರಿಗೂ ಹೇಳಿ ಹೇಳಿ ಬಾಯಿ ನೋವು ಬಂತು, ಅದ್ಕೆ ಒಂದ್ಸಲ ಎಲ್ಲಾ ಬರೆದುಬಿಡೋಣ ಅಂತ ಕೂತಿದೀನಿ.

ನಮ್ಮೂರು 23 ವಾರ್ಡಿನ ಪುರಸಭೆ. ಗೊತ್ತಿಲ್ದೋರಿಗೆ ಹೇಳ್ತೀನಿ, ಜನಸಂಖ್ಯೆ 20 ಸಾವಿರದಿಂದ 50 ಸಾವಿರ ಇದ್ರೆ ಪುರಸಭೆ, ಅದಕ್ಕಿಂತ ಕಮ್ಮಿ ಇದ್ರೆ ಪಟ್ಟಣ ಪಂಚಾಯ್ತಿ, ಜಾಸ್ತಿ ಇದ್ರೆ ನಗರಸಭೆ. 2018ರಲ್ಲಿ ಮೀಸಲಾತೀಲಿ ನಮ್ಮ ವಾರ್ಡು ಸಾಮಾನ್ಯ ಮಹಿಳೆ ಅಂತ ಬಂತು, ಅಂದ್ರೆ ಹೆಂಗಸ್ರು ಮಾತ್ರ ನಿಲ್ಬೇಕು. ಬಂದ ತಕ್ಷಣ ಏನಾಯ್ತು ಅಂದ್ರೆ, ನಾಕು ವರ್ಷದಿಂದ ಗಣಪತಿ ಕೂರ್ಸಿ, ಸತ್ತೋರ ಮನೆಗೆಲ್ಲಾ ಹೋಗಿ, ಫ್ಲೆಕ್ಸ್ ಹಾಕಿಸ್ಕೊಂಡು ರೆಡಿಯಾಗಿದ್ದ ಗಂಡಸ್ರೆಲ್ಲಾ ರಾತ್ರೋರಾತ್ರಿ ಹೆಂಡತಿ ಫೋಟೋ ಹುಡುಕೋಕೆ ಶುರು ಮಾಡಿದ್ರು. ಒಬ್ರ ಮನೇಲಿ ಮದುವೆ ಆಲ್ಬಮ್ಮಿಂದ ಕಟ್ ಮಾಡಿ ಹಾಕಿದ್ರು ಫ್ಲೆಕ್ಸಿಗೆ, ಪಾಪ ಆ ಹುಡುಗಿ ಬಾಸಿಂಗದ ಗುರುತು ಹಣೆ ಮೇಲೆ ಹಂಗೇ ಕಾಣ್ತಿತ್ತು.

ನನಗೆ ನಿಲ್ಲು ಅಂದಿದ್ದು ನನ್ನ ಅಂಗಡಿಗೆ ಬರೋ ಹೆಂಗಸ್ರು. ನಮ್ಮ ಬೀದೀಲಿ ನಾಕು ದಿನಕ್ಕೊಂದ್ಸಲ ನೀರು, ಅದೂ ರಾತ್ರಿ ಹನ್ನೊಂದಕ್ಕೆ ಬಿಡೋರು. ವಾಟರ್‌ಮ್ಯಾನ್ ಹತ್ರ ಜಗಳ ಆಡೋಕೆ ಯಾವಾಗ್ಲೂ ನನ್ನೇ ಮುಂದೆ ತಳ್ಳೋರು. ಹೆಂಗೂ ಜಗಳ ಆಡ್ತೀಯ, ಮೆಂಬರ್ ಆಗಿ ಆಡು ಅಂದ್ರು. ನಮ್ಮನೆಯವ್ರು ಕೊಬ್ಬರಿ ಮಂಡೀಲಿ ಲೆಕ್ಕ ಬರೆಯೋದು, ಮೊದ್ಲು ಒಪ್ಪಲಿಲ್ಲ, ಆಮೇಲೆ ಅತ್ತೆ ಒಂದು ಮಾತು ಅಂದ್ರು, "ಸೋತ್ರೆ ಹೊಲಿಗೆ ಇದ್ದೇ ಇದೆ" ಅಂತ. ಅಷ್ಟೇ.

ಪಾರ್ಟಿ ಟಿಕೆಟ್ಟಿಗೆ ಒಂದು ಕಡೆ ಕೇಳಿದೆ, ನೋಡೋಣ ನೋಡೋಣ ಅಂತ ಹತ್ತು ದಿನ ತಿರುಗಿಸಿದ್ರು. ಗ್ರಾಮ ಪಂಚಾಯ್ತಿ ಥರ ಅಲ್ಲ, ಪುರಸಭೇಲಿ ಪಾರ್ಟಿ ಚಿಹ್ನೆ ಮೇಲೇ ಎಲೆಕ್ಷನ್ ನಡೆಯೋದು, ಅದ್ಕೆ ಕೇಳಿದ್ದು. ಸಿಗಲಿಲ್ಲ, ಪಕ್ಷೇತರ ಅಂತ ಹಾಕಿದೆ.

ನಾಮಪತ್ರ ಹಾಕೋರು ಮೊದ್ಲು ಮಾಡ್ಬೇಕಾದ ಕೆಲ್ಸ ಹೇಳ್ತೀನಿ, ಮನೆ ಕಂದಾಯ, ನೀರಿನ ಕಂದಾಯ ಎಲ್ಲಾ ಚುಕ್ತಾ ಮಾಡಿ ಪುರಸಭೆಯಿಂದ ಬಾಕಿ ಇಲ್ಲ ಅಂತ ಪತ್ರ ತಗೊಳ್ಳಿ. ಪುರಸಭೆಗೆ ಬಾಕಿ ಇಟ್ಕೊಂಡೋರು ಮೆಂಬರ್ ಆಗಂಗಿಲ್ಲ ಅಂತ 1964ರ ಪುರಸಭೆ ಕಾಯ್ದೇಲೇ ಇದೆ. ನಮ್ಮ ಮನೆ ಖಾತೆ ಇನ್ನೂ ತೀರಿಹೋದ ಮಾವನೋರ ಹೆಸ್ರಲ್ಲಿತ್ತು, ನೀರಿನ ಬಿಲ್ಲು ಮೂರು ವರ್ಷದ್ದು ಹಂಗೇ ಬಿದ್ದಿತ್ತು, ಬರದೇ ಇರೋ ನೀರಿಗೆ ಯಾಕೆ ಕಟ್ಬೇಕು ಅಂತ ನಾನೇ ಹಠ ಮಾಡಿದ್ದೆ. ಹಠ ಎಲ್ಲಾ ಬಿಟ್ಟು ಬಡ್ಡಿ ಸಮೇತ ಕಟ್ದೆ. ಆಸ್ತಿ, ಸಾಲ, ಕೇಸು ಎಲ್ಲಾ ಬರೆದು ಅಫಿಡವಿಟ್ ಕೊಡ್ಬೇಕು, ಅದ್ರಲ್ಲಿ ಒಂದು ಕಾಲಮ್ಮೂ ಖಾಲಿ ಬಿಡ್ಬೇಡಿ, ಇಲ್ಲ ಅಂದ್ರೆ ಇಲ್ಲ ಅಂತ ಬರೀರಿ. ನಾನು 17ನೇ ತಾರೀಖು ಶುಕ್ರವಾರ ಒಳ್ಳೆ ದಿನ ಅಂತ ರೆಡಿಯಾಗಿದ್ದೆ, ಹಿಂದಿನ ಸಂಜೆ ವಾಜಪೇಯಿ ಅವ್ರು ತೀರ್ಕೊಂಡ್ರು, 17ಕ್ಕೆ ಸರ್ಕಾರಿ ರಜಾ. ಆಮೇಲೆ ಮತದಾನಾನೂ 29 ಇದ್ದಿದ್ದು 31ಕ್ಕೆ ಹೋಯ್ತು. ಕೌಂಟರಲ್ಲಿ ಕೂತಿದ್ದೋರು ಫಾರಂ ನನ್ನ ಕೈಯಿಂದ ತಗೊಂಡು ನಮ್ಮನೆಯವ್ರ ಮುಖ ನೋಡಿ "ಸರ್ ನಿಮ್ಮ ನಂಬರ್ ಹೇಳಿ" ಅಂದ್ರು. ನಿಲ್ತಿರೋಳು ನಾನು ಅಂದೆ. ಇನ್ನೂ ಐದು ವರ್ಷ ಇದನ್ನೇ ಹೇಳ್ಕೊಂಡು ತಿರುಗ್ಬೇಕು ಅಂತ ಆವಾಗ ಗೊತ್ತಿರಲಿಲ್ಲ.

ಚಿಹ್ನೆ ನಾನು ಹೊಲಿಗೆ ಮಷೀನ್ ಕೇಳಿದ್ದೆ. ಇನ್ನೊಬ್ರು ಪಕ್ಷೇತರರು ನನಗಿಂತ ಮುಂಚೆ ಅದನ್ನೇ ಬರೆದು ಕೊಟ್ಟಿದ್ರು (ಅವ್ರಿಗೆ ಸೂಜಿಗೆ ದಾರ ಪೋಣಿಸಕ್ಕೆ ಬರುತ್ತೋ ಇಲ್ವೋ ದೇವ್ರೇ ಬಲ್ಲ), ನನಗೆ ಆಟೋ ಬಂತು. ಮಷೀನಲ್ಲಿ ದೊಡ್ಡ ಪಾರ್ಟಿಯೋರ ಹೆಸ್ರು ಮೇಲೆ, ಪಕ್ಷೇತರರು ಕೆಳಗೆ, ಅದ್ರಲ್ಲೂ ಅಕ್ಷರಮಾಲೆ ಪ್ರಕಾರ. ನಂದು ಐದನೇದು, ಅದರ ಕೆಳಗೆ ನೋಟಾ. "ಕೆಳಗಿಂದ ಎರಡನೇ ಬಟನ್ನು, ಆಟೋ" ಅಂತ ಹೇಳ್ಕೊಟ್ಟೆ ಎಲ್ರಿಗೂ. ವಯಸ್ಸಾದೋರಿಗೆ ರಟ್ಟಲ್ಲಿ ಆರು ಗೆರೆ ಎಳೆದು ತೋರಿಸ್ತಿದ್ದೆ. ನೋಟಾಕ್ಕೆ ಕೊನೆಗೆ 12 ಬಿತ್ತು, ಅದ್ರಲ್ಲಿ ಅರ್ಧ ನನ್ನ ಅಜ್ಜಿಯಂದ್ರದ್ದೇ ಅಂತ ನನ್ನ ಅನುಮಾನ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ವಾರ್ಡಿನ ಎಲೆಕ್ಷನ್ ಅಂದ್ರೆ ಭಾಷಣ ಅಲ್ಲ, ವೋಟರ್ ಲಿಸ್ಟು. ನಮ್ಮ ವಾರ್ಡಲ್ಲಿ 1,140 ಮತದಾರರು. ಲಿಸ್ಟ್ ತಗೊಂಡು ನೋಡ್ತೀನಿ, ಲಕ್ಷ್ಮಮ್ಮ ಅನ್ನೋರೇ 17 ಜನ. ಗೌರಮ್ಮ 9. ಗಂಡನ ಹೆಸ್ರು ನೋಡಿದ್ರೂ ರಂಗಪ್ಪ, ರಂಗಪ್ಪ, ರಂಗಪ್ಪ. ಬೀದೀಲಿ ಯಾರಿಗೂ ಆ ಹೆಸ್ರಿಲ್ಲ, ಮಿಲ್ಲಿನ ಪುಟ್ಟಕ್ಕ, ಮೂಲೆಮನೆ ದೊಡ್ಡಮ್ಮ, ಬಸ್ಸಿನೋರ ಮನೆ ಸೊಸೆ ಅಂತಾನೇ ಕರೆಯೋದು. ಆವಾಗ ನನಗೆ ಹೊಳೆದಿದ್ದು ಅಳತೆ ಬುಕ್ಕು. ಹನ್ನೊಂದು ವರ್ಷದ ಬುಕ್ಕು ಇತ್ತು ನನ್ನ ಹತ್ರ, ಏಳು ಬುಕ್ಕು. ಒಂದೊಂದು ಪುಟದಲ್ಲೂ ಮೇಲೆ ಹೆಸ್ರು, ಅಡ್ಡಹೆಸ್ರು, ಯಾರ ಮನೆಯೋರು, ಫೋನ್ ನಂಬರು, ಕೆಳಗೆ ಉದ್ದ, ಎದೆ, ಸೊಂಟ, ತೋಳು, ಕತ್ತಿನ ಡೀಪು. ಪಕ್ಕದಲ್ಲಿ ಸಣ್ಣದಾಗಿ "ಮಗಳು ಮದುವೆಯಾಗಿ ಅರಸೀಕೆರೆ", "ಬಾಣಂತಿ, ಬಿಡಿಸಿ ಹೊಲಿ" ಅಂತೆಲ್ಲಾ ಬರ್ಕೊಂಡಿರ್ತೀನಿ. ರಾತ್ರಿ ಹತ್ತರ ಮೇಲೆ ಕೂತು ಲಿಸ್ಟು ಒಂದ್ಕಡೆ ಬುಕ್ಕು ಒಂದ್ಕಡೆ ಇಟ್ಕೊಂಡು, ಚಾಕ್ ಪೆನ್ಸಿಲಲ್ಲಿ ಗುರುತು ಹಾಕ್ತಾ ಹೋದೆ. ಮೂರು ರಾತ್ರೀಲಿ 17 ಲಕ್ಷ್ಮಮ್ಮನೋರಲ್ಲಿ 14 ಜನ ಯಾರು ಅಂತ ಸಿಕ್ಕಿಬಿಟ್ರು. ಇಬ್ರು ತೀರ್ಕೊಂಡಿದ್ರು, ಇನ್ನೊಬ್ರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಇನ್ನೊಂದು ಗೊತ್ತಾಯ್ತು, ನಮ್ಮ ಹಿಂದಿನ ಓಣಿಯ ಹನ್ನೆರಡು ಮನೆ ಪಕ್ಕದ ವಾರ್ಡಿನ ಲಿಸ್ಟಿಗೆ ಹೋಗ್ಬಿಟ್ಟಿತ್ತು, ಅಲ್ಲಿಯ ಒಂದು ಸಾಲು ನಮ್ಮಲ್ಲಿತ್ತು. ಕರಡು ಪಟ್ಟಿ ಹಾಕಿದಾಗ ಆಕ್ಷೇಪಣೆ ಕೊಡೋಕೆ ಟೈಮ್ ಇರುತ್ತೆ, ನಾನು ಆವಾಗ ನಿಲ್ತೀನೋ ಇಲ್ವೋ ಅಂತಾನೇ ತೀರ್ಮಾನ ಮಾಡಿರ್ಲಿಲ್ಲ. ನೀವು ಆ ತಪ್ಪು ಮಾಡ್ಬೇಡಿ. ನನ್ನ ಪರವಾಗಿ ಬೀದಿ ಬೀದಿ ಜಗಳ ಆಡಿದ್ದ ಎಷ್ಟೋ ಜನ ನನಗೆ ವೋಟೇ ಹಾಕೋ ಹಂಗಿರಲಿಲ್ಲ.

ಬುಕ್ಕಲ್ಲಿ ಗಂಡಸ್ರು ಇಲ್ವಲ್ಲ ಅಂತ ಕೇಳ್ಬಹುದು. ಗಂಡಸ್ರ ವಿಷ್ಯ ನಮ್ಮನೆಯವ್ರಿಗೆ ಬಿಟ್ಟಿದ್ದೆ, ಮಂಡಿ ಹತ್ರ, ಟೀ ಅಂಗಡಿ ಹತ್ರ. ಆದ್ರೆ ನನ್ನ ಲೆಕ್ಕದಲ್ಲಿ ಮನೇಲಿ ಹೆಂಗಸು ಒಪ್ಪಿದ್ರೆ ಎರಡು ವೋಟು ಬರುತ್ತೆ, ಗಂಡಸು ಒಪ್ಪಿದ್ರೆ ಒಂದೂವರೆ.

ಆ ವರ್ಷ ವರಮಹಾಲಕ್ಷ್ಮಿ ಆಗಸ್ಟ್ 24ಕ್ಕೆ ಬಂತು, ಮತದಾನಕ್ಕೆ ಸರಿಯಾಗಿ ಒಂದು ವಾರ ಮುಂಚೆ. ಟೈಲರ್‌ಗಳಿಗೆ ಇದು ಯಾವ ಸೀಸನ್ನು ಅಂತ ಹೇಳೋದೇ ಬೇಡ, ಪ್ರಚಾರಕ್ಕೆ ಹೋಗೋದು ಸಂಜೆ, ಮಷೀನ್ ತುಳಿಯೋದು ರಾತ್ರಿ ಎರಡರವರೆಗೆ. ಹಬ್ಬಕ್ಕೆ ಎರಡು ದಿನ ಮುಂಚೆ ಎದುರು ಪಾರ್ಟಿ ಒಬ್ರು ಅರಿಶಿನ ಕುಂಕುಮದ ಹೆಸ್ರಲ್ಲಿ ಮನೆಮನೆಗೆ ಸೀರೆ ಹಂಚಿದ್ರು, ಗಿಳಿಹಸಿರು ಸೀರೆ, ಸಣ್ಣ ಜರಿ ಅಂಚು, ಜೊತೆಗೆ ಬ್ಲೌಸ್ ಪೀಸು. ಮಾರನೇ ಬೆಳಗ್ಗೆ ಎಂಟು ಗಂಟೆಗೆ ಮೊದಲ್ನೇ ಹಸಿರು ಪೀಸು ನನ್ನ ಅಂಗಡಿಗೆ ಬಂತು. ಹಬ್ಬಕ್ಕೇ ಬೇಕು ಕಣೇ ಅಂದ್ರು. ಸಂಜೆ ಹೊತ್ತಿಗೆ ಇಪ್ಪತ್ತಾಯ್ತು. ವಾರ ಕಳೆಯೋದ್ರೊಳಗೆ 64 ಹಸಿರು ಬ್ಲೌಸು ಹೊಲಿದೆ ನಾನು, ಲೈನಿಂಗ್ ಇಲ್ದೆ ಒಂದಕ್ಕೆ 120 ರೂಪಾಯಿ, ಎದುರು ಪಾರ್ಟಿಯೋರ ಖರ್ಚಲ್ಲಿ ನನ್ನ ಕರಪತ್ರದ ದುಡ್ಡು ಹುಟ್ಟಿತು ಅನ್ಕೊಳ್ಳಿ. ತಂದು ಕೊಡೋವಾಗ ಒಬ್ಬೊಬ್ರ ಮುಖ ನೋಡ್ಬೇಕಿತ್ತು. ಕೆಲವ್ರು ಏನೂ ಆಗಿಲ್ಲ ಅನ್ನೋ ಹಂಗೆ ಇಟ್ಟು ಹೋದ್ರು. ಒಬ್ರು ಪೇಪರಲ್ಲಿ ಸುತ್ತಿ ಕೊಟ್ಟು ಅಂಗಡಿ ಬಾಗ್ಲಲ್ಲೇ ನಿಂತು, "ಸೀರೆ ಅವ್ರದ್ದು, ವೋಟು ನಿಂದೇ" ಅಂದ್ರು. ನಾನು ತೋಳು ಎಷ್ಟು ಉದ್ದ ಇಡ್ಲಿ ಅಂತ ಮಾತ್ರ ಕೇಳಿದೆ.

ನಮ್ಮ ಹುಡುಗ್ರು ಕಂಪ್ಲೇಂಟ್ ಕೊಡೋಣ ಅಕ್ಕ, ಇದಕ್ಕಿಂತ ಸಾಕ್ಷಿ ಬೇಕಾ ಅಂದ್ರು. ನಾನು ಕೊಡಲಿಲ್ಲ. ಸಾಕ್ಷಿ ಅಂದ್ರೆ ನನ್ನ ಗಿರಾಕಿಗಳೇ, ಅವ್ರನ್ನ ಸ್ಟೇಷನ್ ಹತ್ರ ಎಳೆದು ತರ್ಬೇಕು. ಅದು ಸರಿಯೋ ತಪ್ಪೋ, ಈಗ್ಲೂ ಯೋಚ್ನೆ ಮಾಡ್ತೀನಿ. ನನ್ನ ಕಡೆಯಿಂದ ದುಡ್ಡು ಹಂಚಲಿಲ್ಲ, ಹಂಚೋಕೆ ಇರ್ಲೂ ಇಲ್ಲ. ಆದ್ರೆ ಪೂರ್ತಿ ಸಾಚಾ ಅಂತ ಹೇಳ್ಕೊಳಲ್ಲ, ಆ ತಿಂಗ್ಳು ಹಳೇ ಬಾಕಿ ಇದ್ದೋರ ಹತ್ರ ಯಾರತ್ರಾನೂ ಕೇಳಲಿಲ್ಲ ನಾನು. ಅವ್ರಿಗೂ ಗೊತ್ತು ಯಾಕೆ ಕೇಳ್ತಿಲ್ಲ ಅಂತ.

ಖರ್ಚು: ಪುರಸಭೆ ಅಭ್ಯರ್ಥಿಗೆ ಮಿತಿ ಒಂದೂವರೆ ಲಕ್ಷ ಇತ್ತು. ನಂದು ಎಲ್ಲಾ ಸೇರಿ 38 ಸಾವಿರ ಆಯ್ತು, ಕರಪತ್ರ, ಒಂದು ಆಟೋಗೆ ಮೈಕ್ ಕಟ್ಟಿಸಿದ್ದು (ಚಿಹ್ನೆ ಆಟೋ, ಪ್ರಚಾರದ ಗಾಡಿಯೂ ಆಟೋ, ಅಷ್ಟು ಮಟ್ಟಿಗೆ ಅದೃಷ್ಟ), ಹುಡುಗ್ರಿಗೆ ಟೀ, ಮಂಡಕ್ಕಿ, ಊಟ. ರಿಸಲ್ಟ್ ಬಂದು 30 ದಿನದೊಳಗೆ ಖರ್ಚಿನ ಲೆಕ್ಕ ಕೊಡ್ಬೇಕು, ಸೋತೋರೂ ಕೊಡ್ಬೇಕು. ಸೋತ ಬೇಜಾರಲ್ಲಿ ಕೊಡ್ದೇ ಇದ್ರೆ ಮುಂದೆ ನಿಲ್ಲೋಕೇ ಆಗ್ದಂಗೆ ಅನರ್ಹ ಮಾಡ್ತಾರೆ. ಟೀ ಬಿಲ್ಲೂ ಎತ್ತಿಡಿ.

31ನೇ ತಾರೀಖು ಬೆಳಗ್ಗೆ ಏಳಕ್ಕೆ ಶುರು, ಅದಕ್ಕೂ ಮುಂಚೆ ಮಷೀನ್ ಸರಿ ಇದ್ಯಾ ಅಂತ ನೋಡೋಕೆ ಅಣಕು ಮತದಾನ ಇರುತ್ತೆ, ಬೂತಲ್ಲಿ ನಮ್ಮ ಪರವಾಗಿ ಕೂರೋ ಏಜೆಂಟ್ ಹೋಗ್ಲೇಬೇಕು. ನಾನು ಏಜೆಂಟಾಗಿ ಕೂರ್ಸಿದ್ದು ಪುಟ್ಟಕ್ಕನ ಮಗಳನ್ನ, ಡಿಗ್ರಿ ಓದ್ತಿದ್ದ ಹುಡುಗಿ, ವಾರ್ಡಿನ ಎಲ್ರ ಮುಖ ಗೊತ್ತು ಅವಳಿಗೆ. ಸೊಸೆ ಹೆಸ್ರಲ್ಲಿ ಅತ್ತೆ ಹಾಕೋಕೆ ಬಂದ್ರೆ ಗಂಡುಹುಡುಗ್ರಿಗೆ ಗೊತ್ತಾಗಲ್ಲ. ಮಧ್ಯಾಹ್ನ ಮೂರಕ್ಕೆ ಲಿಸ್ಟ್ ನೋಡಿ ಯಾರು ಬಂದಿಲ್ಲ ಅಂತ ತೆಗೆದು ಮನೆಗೆ ಹೋಗಿ ಕರ್ಕೊಂಡು ಬಂದ್ವಿ. ಹಂಗೆ ಕೊನೇ ಎರಡು ಗಂಟೇಲಿ ಮೂವತ್ತು ಜನ ಬಂದಿರ್ಬಹುದು.

ಸೆಪ್ಟೆಂಬರ್ 3 ಸೋಮವಾರ ಕೌಂಟಿಂಗು. ವಾರ್ಡ್ ಎಲೆಕ್ಷನ್ ರಿಸಲ್ಟು ಐದು ನಿಮಿಷದ ಕೆಲ್ಸ, ಹತ್ತು ದಿನದ ನಿದ್ದೆಗೇಡಿಗೆ ಐದು ನಿಮಿಷ. ಒಟ್ಟು ಬಿದ್ದಿದ್ದು 861. ನನಗೆ 297, ಹಸಿರು ಸೀರೆಯೋರಿಗೆ 271, ಇನ್ನೆರಡು ಪಾರ್ಟಿಗೆ 184, 71, ಹೊಲಿಗೆ ಮಷೀನಿಗೆ 26. ನಾನು ಗೆದ್ದಿದ್ದೂ 26ರಲ್ಲೇ.

ಗೆದ್ದ ಮೇಲೆ ಏನಾಯ್ತು ಅನ್ನೋದನ್ನ ಯಾರೂ ಕೇಳಲ್ಲ. ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಮೇಲೆ ಹೈಕೋರ್ಟಲ್ಲಿ ಕೇಸು ಬಿತ್ತು, ಅದು ಎಳೀತು ಎಳೀತು, 2020ರ ಅಕ್ಟೋಬರ್ ನವೆಂಬರ್ ತನಕ. ಎರಡು ವರ್ಷದ ಮೇಲೆ ನಾವು ಗೆದ್ದ ಮೆಂಬರ್‌ಗಳು, ಆದ್ರೆ ಅಧ್ಯಕ್ಷರಿಲ್ಲ, ಸಭೆ ಇಲ್ಲ, ಎಲ್ಲಾ ಆಡಳಿತಾಧಿಕಾರಿ ಕೈಯಲ್ಲಿ. ಜನಕ್ಕೆ ಇದನ್ನ ಹೇಳಿದ್ರೆ ನಂಬ್ತಾರಾ? ಗೆದ್ದ ಸಂಜೆಯಿಂದಾನೇ ಬೀದಿ ದೀಪ ಹೋದ್ರೆ ನನಗೆ ಫೋನು. ಕೊರೊನಾ ಲಾಕ್‌ಡೌನಲ್ಲಿ ರೇಷನ್ ಕಿಟ್ ಎಲ್ಲಿ ಅಂತ ಅಂಗಡಿ ಮುಂದೆ ಬಂದು ನಿಂತ್ರು. ನನ್ನ ಹತ್ರ ಇದ್ದಿದ್ದು ಬಟ್ಟೆ, ಮಾಸ್ಕ್ ಹೊಲಿದೆ, ಮನೆಗೆ ನಾಕರಂತೆ ಹಂಚಿದೆ. ಲೈಟ್ ಕಂಬದ ನಂಬರ್ ಬರ್ಕೊಂಡು ಆಫೀಸಿಗೆ ಹೋಗಿ ಅರ್ಜಿ ಕೊಡೋದು, ಅದು ಯಾರು ಬೇಕಾದ್ರೂ ಮಾಡ್ಬಹುದಾದ ಕೆಲ್ಸ, ಎರಡು ವರ್ಷ ಮೆಂಬರ್ ಅನ್ನೋ ಹೆಸ್ರಲ್ಲಿ ಅದನ್ನೇ ಮಾಡಿದೆ.

ಅಧ್ಯಕ್ಷರ ಚುನಾವಣೆ ಬಂದಾಗ ಪಾರ್ಟಿಯೋರಿಗೆ ವಿಪ್ (ಇಂಥೋರಿಗೇ ವೋಟ್ ಹಾಕ್ಬೇಕು ಅಂತ ಪಾರ್ಟಿ ಆದೇಶ) ಇರುತ್ತೆ, ಎಂಎಲ್ಎ ಎಂಪಿಗೂ ಅಲ್ಲಿ ವೋಟಿರುತ್ತೆ, ಪಕ್ಷೇತರರಿಗೆ ಮಾತ್ರ ಯಾವ ಕಟ್ಟೂ ಇಲ್ಲ, ಅದ್ಕೆ ಹತ್ತು ದಿನ ನನ್ನ ಅಂಗಡಿ ಮುಂದೆ ಕಾರೋ ಕಾರು. ರೆಸಾರ್ಟಿಗೆ ಬನ್ನಿ ಅಂದ್ರು, ಒಬ್ಳೇ ಬರಲ್ಲ ಅಂದೆ, ಯಜಮಾನ್ರನ್ನೂ ಕರ್ಕೊಂಡು ಬನ್ನಿ ಅಂದ್ರು, ಅಂಗಡಿ ಯಾರು ನೋಡ್ಕೋತಾರೆ ಅಂದೆ, ಸುಮ್ನಾದ್ರು. ನಮ್ಮ ಬೀದಿಗೆ ಬೇರೆ ವಾಲ್ವ್ ಹಾಕಿ ಹಗಲೊತ್ತು ನೀರು ಬಿಡೋಕೆ ಒಪ್ಪಿ ಸಭೇಲಿ ಮಂಡಿಸ್ತೀವಿ ಅಂತ ಬಾಯಲ್ಲಿ ಹೇಳಿದ ಕಡೆಗೆ ಕೈ ಎತ್ತಿದೆ. ವಾಲ್ವ್ ಬಂದಿದ್ದು ಒಂಬತ್ತು ತಿಂಗ್ಳಾದ್ಮೇಲೆ, ಬರಹದಲ್ಲಿ ಬರೆಸ್ಕೊಂಡಿದ್ರೆ ಬೇಗ ಬರ್ತಿತ್ತೇನೋ. ಮೊದಲ್ನೇ ಸಭೇಲಿ ಗೆದ್ದಿರೋ ಹೆಂಗಸ್ರ ಹಿಂದೆ ಗಂಡಂದ್ರೂ ಒಳಗೆ ಬಂದು ಕೂತಿದ್ರು. ಮುಖ್ಯಾಧಿಕಾರಿ ಹೊರಗೆ ಹೋಗಿ ಅಂದ್ಮೇಲೆ ಎದ್ರು. ನಮ್ಮನೆಯವ್ರು ಮಂಡೀಲಿದ್ರು.

ನೀರು ಈಗ ಎರಡು ದಿನಕ್ಕೊಂದ್ಸಲ, ಬೆಳಗ್ಗೆ ಆರಕ್ಕೆ. ಹಸಿರು ಬ್ಲೌಸಿನೋರು ಕೆಲವ್ರು ಅದನ್ನ ಬಿಡಿಸಿಕೊಡು ಅಂತ ಇನ್ನೂ ತರ್ತಾರೆ, ಒಳಗೆ ಅರ್ಧ ಇಂಚು ಬಿಟ್ಟೇ ಹೊಲಿದಿದ್ದೆ.