ಸ್ಪ್ರಿಂಟ್ ಕುದುರೆ 1600 ಮೀಟರ್ ಓಡೀತೇ? ರೇಸ್ ಬುಕ್ ಓದುವ ಬಗೆ

ಮೈಸೂರು ರೇಸ್ ಶುರುವಾಯಿತೆಂದರೆ ಗೋಣಿಕೊಪ್ಪಲು, ಕುಶಾಲನಗರದಿಂದ ಹೊರಟ ಕಾರುಗಳಲ್ಲಿ ಮಾತೆಲ್ಲ ಕುದುರೆಯದೇ. 1200 ಮೀಟರಿನ ಸ್ಪ್ರಿಂಟಿನಲ್ಲಿ, ಅಂದರೆ ಕಡಿಮೆ ದೂರದ ಜೋರು ಓಟದಲ್ಲಿ, ಕೊನೆಗೆ ನುಗ್ಗಿ ಮೂರನೆಯದಾಗಿ ಬಂದ ಕುದುರೆ ಈ ಸಲ 1600ಕ್ಕೆ ಹೆಸರು ಕೊಟ್ಟಿದೆ. 'ದೂರ ಜಾಸ್ತಿಯಾಯ್ತಲ್ವಾ, ಗೆದ್ದೇ ಗೆಲ್ಲುತ್ತೆ' ಎಂದು ಯಾರೋ ಅಂದರೆ ಸಾಕು, ಎಲ್ಲರೂ ಅದಕ್ಕೇ ದುಡ್ಡು ಹಾಕುತ್ತಾರೆ. ಸ್ವಲ್ಪ ತಾಳಿ.

ಮೊದಲು ಆ 1200ರ ವಿಡಿಯೊ ನೋಡಿ. ನಿಮ್ಮ ಕುದುರೆಯನ್ನಲ್ಲ, ಅದರ ಮುಂದಿದ್ದವನ್ನು. ಅವು ಆರಂಭದಲ್ಲೇ ಬಿದ್ದಂಬೀಳ ಓಡಿ ಕೊನೆಯ 200 ಮೀಟರಿನಲ್ಲಿ ಸುಸ್ತಾದರೆ, ಹಿಂದಿನಿಂದ ಬಂದದ್ದು ಹಾರಿ ಬಂದಂತೆ ಕಾಣುತ್ತದೆ. ವೇಗದ ಸ್ಪ್ರಿಂಟಿನಲ್ಲಿ ಕೊನೆಗೆ ಹೆಚ್ಚುಕಮ್ಮಿ ಎಲ್ಲವೂ ನಿಧಾನವಾಗುತ್ತವೆ. ಕಡಿಮೆ ನಿಧಾನವಾದದ್ದು ನುಗ್ಗಿದಂತೆ ತೋರುತ್ತದೆ, ಅಷ್ಟೇ. ಗೆರೆ ದಾಟಿ ಜಾಕಿ ಲಗಾಮು ಹಿಡಿದ ಮೇಲೂ ಅದು ಮುಂದಿನವನ್ನು ಹಿಂದೆ ಹಾಕಿ ಓಡುತ್ತಿದ್ದರೆ ಆಗ ನಂಬಬಹುದು.

ಎರಡನೆಯದು ಜಾಕಿಯ ಕೈ. ನನ್ನ ಪ್ರಕಾರ ಉಳಿದೆಲ್ಲಕ್ಕಿಂತ ಇದೇ ಮುಖ್ಯ, ವಂಶಕ್ಕಿಂತಲೂ. ಸ್ಪ್ರಿಂಟಿನಲ್ಲಿ ಗೇಟು ತೆರೆದ ಕ್ಷಣದಿಂದ ಎಲ್ಲವೂ ಜೋರಾಗಿ ಓಡುವುದರಿಂದ ಅವಸರದ ಕುದುರೆಯ ಗುಣ ಮುಚ್ಚಿಹೋಗುತ್ತದೆ. 1600ರಲ್ಲಿ ಆರಂಭದ ಓಟ ಸಾಮಾನ್ಯವಾಗಿ ನಿಧಾನ. ಆಗ ಅವಸರದ ಕುದುರೆ ತಲೆ ಎತ್ತುತ್ತದೆ, ಬಾಯಿ ತೆರೆಯುತ್ತದೆ, ಜಾಕಿ ಹಿಂದಕ್ಕೆ ವಾಲಿ ಲಗಾಮು ಜಗ್ಗುತ್ತಾನೆ. ಕೊನೆಗೆ ಬೇಕಾದ ಶಕ್ತಿ ಈ ಎಳೆದಾಟದಲ್ಲೇ ಖರ್ಚಾಗುತ್ತದೆ. ಇದೇ ವೇಗ ಇದ್ದೂ ಶಾಂತವಾಗಿ ಓಡುವ ಕುದುರೆಯ ಕಥೆ ಬೇರೆ. ಮುಂದೆ ಓಡುವ ಅಭ್ಯಾಸದ ಇನ್ನೊಂದು ಕುದುರೆ ಕಣದಲ್ಲಿ ಇಲ್ಲದಿದ್ದರೆ ಅದಕ್ಕೆ ಮೊದಲ ಸ್ಥಾನ ಪುಕ್ಕಟೆ ಸಿಗುತ್ತದೆ. ಆರಾಮಾಗಿ ಓಡಿಕೊಂಡು ಹೋಗಿ ಕೊನೆಯ 400ರಲ್ಲಿ ಬಿಟ್ಟರೆ ಹಿಂದಿನವು ಹಿಡಿಯುವುದು ಕಷ್ಟ. ಹಾಗಾಗಿ ಅವತ್ತಿನ ಕುದುರೆಗಳ ವಿವರ ಇರುವ ರೇಸ್ ಬುಕ್ಕಿನಲ್ಲಿ ಮುಂದೆ ಓಡುವವು ಎಷ್ಟಿವೆ ಎಂದು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.

ಈಗ ಕುದುರೆ ಬೆನ್ನ ಮೇಲೆ ಹೊರುವ ತೂಕದ ಲೆಕ್ಕ. 1200 ಮೀಟರಿನಲ್ಲಿ ಒಂದು ಲೆಂಗ್ತ್ (ಒಂದು ಕುದುರೆಯ ಉದ್ದದಷ್ಟು ಅಂತರ) ಅಂದರೆ ಸುಮಾರು ಒಂದೂವರೆ ಕಿಲೋ ತೂಕಕ್ಕೆ ಸಮ. 1600ರಲ್ಲಿ ಸುಮಾರು ಒಂದು ಕಿಲೋ. ನಿಮ್ಮ ಕುದುರೆ ಸಮ ತೂಕ ಹೊತ್ತು 1200ರಲ್ಲಿ ಎರಡು ಲೆಂಗ್ತ್ ಸೋತಿತ್ತು ಅಂದುಕೊಳ್ಳಿ. ಅಂದರೆ ಮೂರು ಕಿಲೋ ಹಿಂದೆ. ಈಗ ಅದೇ ಎದುರಾಳಿಗಿಂತ ಮೂರು ಕಿಲೋ ಕಡಿಮೆ ಹೊರುತ್ತಿದ್ದರೆ ಕಾಗದದ ಮೇಲೆ ಎರಡೂ ಸಮ. ಇನ್ನು ಉಳಿದದ್ದು ದೂರದ ಪ್ರಶ್ನೆ ಒಂದೇ. ಲೆಂಗ್ತನ್ನು ಮೊದಲು ಕಿಲೋಗೆ ತಿರುಗಿಸಿ, ಆಮೇಲೆ ಹೋಲಿಸಿ. ನೇರವಾಗಿ ಲೆಂಗ್ತಿಗೆ ಲೆಂಗ್ತ್ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ವಂಶ ನೋಡುವುದಾದರೆ ತಾಯಿಯ ಬೇರೆ ಮರಿಗಳು ಎಷ್ಟು ದೂರ ಗೆದ್ದಿವೆ ನೋಡಿ. ಓಟದ ದೂರಕ್ಕೆ ಸಂಬಂಧಿಸಿದ ಮಯೋಸ್ಟಾಟಿನ್ ಜೀನ್ ಬಗ್ಗೆ 2010ರಲ್ಲಿ ಐರ್ಲೆಂಡಿನ ವಿಜ್ಞಾನಿಗಳು ಹೇಳಿದ್ದು ಹೌದು, ಆದರೆ ಆ ಪರೀಕ್ಷೆಯ ಫಲಿತಾಂಶ ರೇಸ್ ಬುಕ್ಕಿನಲ್ಲಿ ಇರುವುದಿಲ್ಲ. 1200ರಿಂದ 1400ಕ್ಕೆ ಹೋಗುವುದು ಅಷ್ಟೇನೂ ದೊಡ್ಡದಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ನೆಲ ಮಾತ್ರ ಮರೆಯಬೇಡಿ. ಒದ್ದೆ ಹುಲ್ಲಿನ ಮೇಲೆ 1600 ಮೀಟರ್ ಇನ್ನೂ ಉದ್ದವಾಗುತ್ತದೆ. ಆದರೆ ನಮ್ಮ ಎಸ್ಟೇಟಿನ ಮಳೆಮಾಪಕ ನೋಡಿ 'ಇವತ್ತು ಮೂರು ಇಂಚು, ಮೈಸೂರಿನ ಟ್ರ್ಯಾಕ್ ಕೆಸರಾಗಿರುತ್ತೆ' ಅಂತ ತೀರ್ಮಾನಿಸುವವರಿದ್ದಾರೆ. ಕೊಡಗಿನಲ್ಲಿ ಹೊಯ್ದ ಮಳೆ ಹುಣಸೂರು ದಾಟುವಷ್ಟರಲ್ಲಿ ಬರೀ ಮೋಡವಾಗಿರುವುದೇ ಹೆಚ್ಚು. ಚಾಮುಂಡಿ ಬೆಟ್ಟದ ಬುಡದ ನೆಲ ಹೇಗಿದೆ ಎನ್ನುವುದಕ್ಕೆ ನೆಲ ಎಷ್ಟು ಮೆತ್ತಗಿದೆ ಎಂದು ಅಳೆಯುವ ಪೆನೆಟ್ರೋಮೀಟರಿನ ಅವತ್ತಿನ ಅಂಕಿ ನೋಡಿ. ಅಂಕಿ ಹೆಚ್ಚಿದಷ್ಟೂ ನೆಲ ಮೆತ್ತಗೆ.

ಇಷ್ಟೆಲ್ಲ ಮಾಡಿಯೂ ಅನುಮಾನ ಉಳಿದರೆ ಆ ರೇಸ್ ಸುಮ್ನೆ ನೋಡಿ. ಬೆಟ್ಟಿಂಗ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಎಲ್ಲರೂ ಬೆನ್ನು ಹತ್ತಿ ಭಾವ (ಗೆದ್ದರೆ ಹಾಕಿದ ದುಡ್ಡಿಗೆ ಎಷ್ಟು ಸಿಗುತ್ತದೆ ಎನ್ನುವ ದರ) ಇಳಿದ ಕುದುರೆ ಗೆದ್ದರೂ ಕೈಗೆ ಬರುವುದು ಅಷ್ಟಕ್ಕಷ್ಟೇ. ಮೊದಲ ಸಲ 1600 ಓಡುತ್ತಿರುವ ಕುದುರೆಗೆ ಒಳ್ಳೆಯ ಭಾವ ಸಿಕ್ಕರೆ ಮಾತ್ರ ಕೌಂಟರಿನತ್ತ ಹೋಗಿ.