ರೇಡಿಯೊ ಮೋಡೆಮ್ ಜಾಲದಲ್ಲಿ ಪ್ಯಾಕೆಟ್‌ಗಳ ಕಾಲ ಹೊಂದಿಸಿದ ಬಗೆ

ಬಹುಗ್ರಾಮ ಕುಡಿಯುವ ನೀರಿನ ಯೋಜನೆಯೊಂದರಲ್ಲಿ, ಶುದ್ಧೀಕರಣ ಘಟಕದ ಮಾಸ್ಟರ್ ಕಂಪ್ಯೂಟರ್ 12 ಓವರ್‌ಹೆಡ್ ಟ್ಯಾಂಕ್‌ಗಳ ಬಳಿಯ ಪಿಎಲ್‌ಸಿಗಳನ್ನು (ಪಂಪು, ಅಳತೆ ಸಾಧನಗಳನ್ನು ನೋಡಿಕೊಳ್ಳುವ ಪುಟ್ಟ ನಿಯಂತ್ರಕ ಕಂಪ್ಯೂಟರ್‌ಗಳು) ರೇಡಿಯೊ ಮೋಡೆಮ್ ಮೂಲಕ ಸರದಿಯಂತೆ ಪೋಲ್ ಮಾಡಿ, ಅಂದರೆ ಒಂದೊಂದಾಗಿ ಕೇಳಿ, ನೀರಿನ ಮಟ್ಟ, ಹರಿವು ಮತ್ತು ಪಂಪಿನ ಸ್ಥಿತಿಯನ್ನು ತರಿಸಿಕೊಳ್ಳುತ್ತಿತ್ತು. ಪ್ರೋಟೊಕಾಲ್ ಮಾಡ್‌ಬಸ್ ಆರ್‌ಟಿಯು: ಮಾಸ್ಟರ್ ಕೋರಿಕೆ ಕಳಿಸುತ್ತದೆ, ಸ್ಲೇವ್ ಎನಿಸಿಕೊಳ್ಳುವ ಪಿಎಲ್‌ಸಿ ಉತ್ತರಿಸುತ್ತದೆ. ಸೀರಿಯಲ್ ತಂತಿಯ ವೇಗವೂ ರೇಡಿಯೊ ವೇಗವೂ ಸೆಕೆಂಡಿಗೆ 9600 ಬಿಟ್. ತರಂಗಪಟ್ಟಿ 865–867 ಮೆಗಾಹರ್ಟ್ಸ್. ಗುಡ್ಡದ ಆಚೆಗಿನ ನಾಲ್ಕು ಟ್ಯಾಂಕ್‌ಗಳಿಗೆ ರಿಪೀಟರ್ ಮೂಲಕವೇ ಹೋಗಬೇಕಿತ್ತು.

ತೊಂದರೆ ಕಾಣಿಸಿಕೊಂಡದ್ದು ಆ ನಾಲ್ಕರಲ್ಲಿ. ಸಂಪರ್ಕ ಆಗಾಗ ತಪ್ಪುತ್ತಿದ್ದುದಷ್ಟೇ ಆಗಿದ್ದರೆ ಸಿಗ್ನಲ್ ದುರ್ಬಲವೆಂದು ಆಂಟೆನಾ ತಿರುಗಿಸಬಹುದಿತ್ತು. ಆದರೆ ಒಮ್ಮೊಮ್ಮೆ ನೀರಿನ ಮಟ್ಟದ ಜಾಗದಲ್ಲಿ ಹರಿವಿನ ಅಂಕಿ ಬಂದು ಕೂರುತ್ತಿತ್ತು. ಆರ್‌ಟಿಯು ಉತ್ತರದಲ್ಲಿ ಸ್ಲೇವ್ ವಿಳಾಸ, ಫಂಕ್ಷನ್ ಸಂಖ್ಯೆ, ಬೈಟ್‌ಗಳ ಎಣಿಕೆ, ದತ್ತಾಂಶ ಮತ್ತು ಸಿಆರ್‌ಸಿ (ದೋಷ ಪತ್ತೆಯ ಅಂಕಿ) ಇರುತ್ತವೆಯೇ ಹೊರತು, ಆ ದತ್ತಾಂಶ ಯಾವ ರಿಜಿಸ್ಟರ್‌ನದು (ಪಿಎಲ್‌ಸಿಯಲ್ಲಿ ಅಂಕಿ ಕೂರುವ ಜಾಗ) ಎಂಬುದು ಇರುವುದಿಲ್ಲ. ಆದ್ದರಿಂದ ಮಾಸ್ಟರ್ ಕಾದು ಸಾಕಾಗಿ ಅದೇ ಸ್ಲೇವ್‌ಗೆ ಮುಂದಿನ ಕೋರಿಕೆಯನ್ನು ಕಳಿಸಿದ ಮೇಲೆ ಹಿಂದಿನ ಕೋರಿಕೆಯ ಉತ್ತರ ತಡವಾಗಿ ತಲುಪಿದರೆ, ಎರಡರ ಉದ್ದವೂ ಒಂದೇ ಆಗಿದ್ದಲ್ಲಿ, ಮಾಸ್ಟರ್ ಅದನ್ನು ಹೊಸ ಕೋರಿಕೆಯ ಉತ್ತರವೆಂದೇ ಸ್ವೀಕರಿಸುತ್ತದೆ. ಸಿಆರ್‌ಸಿ ಇಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ, ಏಕೆಂದರೆ ಪ್ಯಾಕೆಟ್ ಕೆಟ್ಟಿಲ್ಲ, ತಡವಾಗಿದೆ ಅಷ್ಟೆ.

ಹಾಗಾಗಿ ಟೈಮ್‌ಔಟನ್ನು, ಅಂದರೆ ಮಾಸ್ಟರ್ ಉತ್ತರಕ್ಕೆ ಕಾಯುವ ಗರಿಷ್ಠ ಅವಧಿಯನ್ನು, ಅಂದಾಜಿನಲ್ಲಿ ಏರಿಸುತ್ತ ಹೋಗುವ ಬದಲು ಮೊದಲು ಲೆಕ್ಕ ಹಾಕಿದೆ. ಈವನ್ ಪ್ಯಾರಿಟಿ (ತಪ್ಪು ಹಿಡಿಯಲೆಂದು ಸೇರಿಸುವ ಬಿಟ್) ಸೇರಿದರೆ ಒಂದು ಬೈಟ್‌ಗೆ 11 ಬಿಟ್, ಅಂದರೆ 9600ರಲ್ಲಿ ಸುಮಾರು 1.15 ಮಿಲಿಸೆಕೆಂಡ್. ಕೋರಿಕೆಯ 8 ಬೈಟ್‌ಗಳಿಗೆ 9, ಇಪ್ಪತ್ತು ರಿಜಿಸ್ಟರ್‌ಗಳ ಉತ್ತರದ 45 ಬೈಟ್‌ಗಳಿಗೆ 52 ಮಿಲಿಸೆಕೆಂಡ್ ಬೇಕು. ಮೋಡೆಮ್ ಟ್ರಾನ್ಸ್‌ಮಿಟರನ್ನು ಸಜ್ಜುಗೊಳಿಸಲು 25, ಪ್ಯಾಕೆಟ್ ಮುಗಿಯಿತೆಂದು ತೀರ್ಮಾನಿಸಲು 10, ಪಿಎಲ್‌ಸಿಯ ಸ್ಕ್ಯಾನ್‌ಗೆ (ಅದರ ಪ್ರೋಗ್ರಾಮಿನ ಒಂದು ಸುತ್ತಿಗೆ) 50. ಮೋಡೆಮ್ ತಾನೇ ಸೇರಿಸುವ ಸುಮಾರು 20 ಬೈಟ್‌ಗಳನ್ನೂ ಹಿಡಿದರೆ ಕೋರಿಕೆ ಗಾಳಿಯಲ್ಲಿ 23, ಉತ್ತರ 54 ಮಿಲಿಸೆಕೆಂಡ್ ಇರುತ್ತದೆ. ಇವೆಲ್ಲ ಕೂಡಿ, ಕೋರಿಕೆಯ ಕೊನೆಯ ಬೈಟ್ ಹೊರಟಲ್ಲಿಂದ ಉತ್ತರದ ಮೊದಲ ಬೈಟ್ ಬರುವವರೆಗೆ ನೇರ ಹಾದಿಯಲ್ಲಿ ಸುಮಾರು 260, ಪ್ಯಾಕೆಟನ್ನು ಪೂರ್ತಿ ಪಡೆದು ಮರಳಿ ಕಳಿಸುವ ರಿಪೀಟರ್ ಸೇರಿದಾಗ ಸುಮಾರು 385 ಮಿಲಿಸೆಕೆಂಡ್. ಮಾಸ್ಟರ್‌ನಲ್ಲಿ ಇದ್ದ ಟೈಮ್‌ಔಟ್ 400. ಸ್ಕ್ಯಾನ್ ತುಸು ಹಿಗ್ಗಿದರೂ ಉತ್ತರ ಗಡಿ ದಾಟುತ್ತಿತ್ತು. ಮಾಸ್ಟರ್‌ನ ಕಳಿಸುವ ಮತ್ತು ಪಡೆಯುವ ತಂತಿಗಳಿಗೆ ಆಸಿಲೋಸ್ಕೋಪ್ ಹಾಕಿ ನೋಡಿದಾಗ ಅಳತೆ ಈ ಲೆಕ್ಕದ ಆಸುಪಾಸಿನಲ್ಲೇ ಇತ್ತು.

ಹೊಂದಿಸುವ ಕೆಲಸವನ್ನು ಮಾತ್ರ ಮೋಡೆಮ್‌ನಿಂದ ಆರಂಭಿಸಿದೆ. ಆರ್‌ಟಿಯು ನಿಯಮದಂತೆ ಮೂರೂವರೆ ಬೈಟ್‌ಗಳಷ್ಟು ಮೌನವೇ, ಅಂದರೆ ಇಲ್ಲಿ 4 ಮಿಲಿಸೆಕೆಂಡ್, ಫ್ರೇಮಿನ, ಅಂದರೆ ಒಂದು ಪೂರ್ಣ ಸಂದೇಶದ, ಅಂತ್ಯ. ಪ್ಯಾಕೆಟ್ ಮುಗಿಯಿತೆಂದು ತೀರ್ಮಾನಿಸುವ ಮೋಡೆಮ್‌ನ ಟೈಮರನ್ನೂ ಅಷ್ಟಕ್ಕೇ ಇಡಬೇಕೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕಂಪ್ಯೂಟರಿನ ಸೀರಿಯಲ್ ಪೋರ್ಟ್, ಅದರಲ್ಲೂ ಯುಎಸ್‌ಬಿ ಪರಿವರ್ತಕ, ನಡುನಡುವೆ ಕೆಲವು ಮಿಲಿಸೆಕೆಂಡ್ ತಡೆದು ಕಳಿಸುವುದುಂಟು. ಆಗ ಮೋಡೆಮ್ ಒಂದು ಫ್ರೇಮನ್ನು ಎರಡು ಪ್ಯಾಕೆಟ್‌ಗಳಾಗಿ ಒಡೆಯುತ್ತದೆ, ಆ ಬದಿಯ ಪಿಎಲ್‌ಸಿ ಎರಡನ್ನೂ ತಿರಸ್ಕರಿಸುತ್ತದೆ. ಅದಕ್ಕಾಗಿ 10 ಮಿಲಿಸೆಕೆಂಡನ್ನು ಹಾಗೆಯೇ ಉಳಿಸಿಕೊಂಡು, ಆರ್‌ಟಿಯು ಫ್ರೇಮಿನ ಗರಿಷ್ಠ ಉದ್ದವಾದ 256 ಬೈಟ್ ಒಂದೇ ಪ್ಯಾಕೆಟಿನಲ್ಲಿ ಹಿಡಿಸುವಂತೆ ಮೋಡೆಮ್‌ಗಳನ್ನು ಹೊಂದಿಸಿದೆ.

ಆಮೇಲೆ ಟೈಮ್‌ಔಟನ್ನು, ರಿಪೀಟರ್ ಹಾದಿಗೂ ಒಂದು ಮರುಪ್ರಸಾರಕ್ಕೂ ಸಾಲುವಂತೆ, 700ಕ್ಕೆ ಏರಿಸಿದೆ. ಉತ್ತರ ಬಂದ ಮೇಲೆ ಮುಂದಿನ ಕೋರಿಕೆಗೆ ಮುನ್ನ 50 ಮಿಲಿಸೆಕೆಂಡ್ ಬಿಡುವು ಕೊಟ್ಟೆ, ಒಮ್ಮೆಗೆ ಕಳಿಸುವುದು ಇಲ್ಲವೇ ಆಲಿಸುವುದು ಒಂದನ್ನೇ ಮಾಡಬಲ್ಲ ಹಾಫ್ ಡ್ಯುಪ್ಲೆಕ್ಸ್ ಮೋಡೆಮ್‌ಗಳು ಆಲಿಸುವ ಸ್ಥಿತಿಗೆ ಮರಳಬೇಕಲ್ಲ. ಚದುರಿದ್ದ ರಿಜಿಸ್ಟರ್‌ಗಳನ್ನು ಪಿಎಲ್‌ಸಿಯೊಳಗೇ ಒಂದೆಡೆ ಜೋಡಿಸಿ, ಪ್ರತಿ ಟ್ಯಾಂಕಿಗೆ ಒಂದೇ ಕೋರಿಕೆ ಇರುವಂತೆ ಮಾಡಿದ್ದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಬದಲಾವಣೆ: ಹೆಚ್ಚುವರಿ ರಿಜಿಸ್ಟರ್ ಒಂದಕ್ಕೆ ತಗಲುವುದು ಆರೆಂಟು ಮಿಲಿಸೆಕೆಂಡ್, ಹೆಚ್ಚುವರಿ ಕೋರಿಕೆಗಾದರೆ ಇನ್ನೂರಕ್ಕೂ ಮೀರಿ. ಅಲ್ಲದೆ, ತಡವಾದ ಉತ್ತರ ಬಂದರೂ ಅದು ಅದೇ ರಿಜಿಸ್ಟರ್‌ಗಳದ್ದಾಗಿರುತ್ತದೆ.

ಈಗ ಒಂದು ಸುತ್ತಿಗೆ ಸುಮಾರು ಐದು ಸೆಕೆಂಡ್ ಹಿಡಿಯುತ್ತದೆ. ಟ್ಯಾಂಕಿನ ಮಟ್ಟ ಏರಿಳಿಯುವ ವೇಗಕ್ಕೆ ಅದು ಧಾರಾಳ. ಕರೆಂಟ್ ಹೋಗಿ ಬ್ಯಾಟರಿಯೂ ಬರಿದಾದ ನಿಲ್ದಾಣ ಮಾತ್ರ ಮೂರು ಯತ್ನಗಳಲ್ಲಿ ಎರಡು ಸೆಕೆಂಡಿಗೂ ಹೆಚ್ಚು ನುಂಗುತ್ತದೆಯಾದ್ದರಿಂದ, ಸತತ ಮೂರು ಬಾರಿ ಉತ್ತರಿಸದ ಸ್ಲೇವನ್ನು ನಿಮಿಷಕ್ಕೊಮ್ಮೆಯಷ್ಟೇ ಕೇಳುವಂತೆ ಮಾಸ್ಟರ್‌ನಲ್ಲಿ ಬರೆದಿದ್ದೇನೆ. ಪಂಪ್ ನಿಲ್ಲಿಸುವ ಆದೇಶ ಸರದಿಗೆ ಕಾಯದೆ, ನಡೆಯುತ್ತಿರುವ ಕೋರಿಕೆ ಮುಗಿದ ಕೂಡಲೇ ಹೊರಡುತ್ತದೆ.