ಮಕ್ಕಳಿಗೆ ಅರ್ಥವಾಗುವಂತೆ ಓದಿ ಹೇಳುವುದು ಹೇಗೆ?

ಒಂದು ಪುಟ ಓದಿ ಮುಗಿಸಿ ‘ತಿಳೀತೇನು?’ ಎಂದು ಕೇಳಿ ನೋಡಿ. ವಿಜಯಪುರ ಜಿಲ್ಲೆಯ ಹಳ್ಳಿಶಾಲೆಯ ಇಡೀ ತರಗತಿ ಒಂದೇ ರಾಗದಲ್ಲಿ ‘ತಿಳೀತ್ರೀ’ ಎನ್ನುತ್ತದೆ. ಯಾರಿಗೆ ಎಷ್ಟು ತಿಳಿಯಿತೆಂಬುದು ಮಾತ್ರ ಶಿಕ್ಷಕರಿಗೆ ಗೊತ್ತಾಗುವುದಿಲ್ಲ. ಗಟ್ಟಿವಾಚನ ಫಲ ಕೊಡಬೇಕಾದರೆ ಅದರ ಸಿದ್ಧತೆ ಹಿಂದಿನ ದಿನವೇ ನಡೆದಿರಬೇಕು.

ಮಕ್ಕಳು ತಾವಾಗಿ ಓದಬಲ್ಲ ಮಟ್ಟಕ್ಕಿಂತ ತುಸು ಮೇಲಿನ ಕಥೆಯನ್ನು ಧೈರ್ಯವಾಗಿ ಆರಿಸಿಕೊಳ್ಳಿ. ಅಕ್ಷರ ಬಿಡಿಸಿ ಓದುವ ಶಕ್ತಿ ಮತ್ತು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ ಎರಡೂ ಕೂಡಿದಾಗಲೇ ಓದಿದ್ದು ಗ್ರಹಿಕೆಗೆ ಬರುತ್ತದೆಂದು 1986ರಲ್ಲಿ ಸಂಶೋಧಕರಾದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ವಿವರಿಸಿದ್ದರು. ಒತ್ತಕ್ಷರಕ್ಕೆ ಇನ್ನೂ ತಡವರಿಸುವ ಮಗುವೂ ಎರಡನೆಯದನ್ನು ಗಟ್ಟಿವಾಚನದಿಂದ ಬೆಳೆಸಿಕೊಳ್ಳಬಲ್ಲದು.

ಬಳಿಕ ಕಥೆಯನ್ನು ಒಬ್ಬರೇ ಒಮ್ಮೆ ಓದಿಕೊಂಡು, ಮಕ್ಕಳು ಎಡವಬಹುದಾದ ಮೂರು ನಾಲ್ಕು ಕಡೆ ಪೆನ್ಸಿಲಿನಿಂದ ಗುರುತು ಹಾಕಿ. ‘ಅಮ್ಮ ಗದ್ದೆಯ ನೀರಿನಲ್ಲಿ ನಿಂತು ನಾಟಿ ಮಾಡುತ್ತಿದ್ದಳು’ ಎಂಬ ವಾಕ್ಯದಲ್ಲಿ ಕಠಿಣ ಪದವೇ ಇಲ್ಲವೆನಿಸಬಹುದು. ಆದರೆ ಎರೆ ಹೊಲದಲ್ಲಿ ಕೂರಿಗೆಯಿಂದ ಹಿಂಗಾರಿ ಬಿಳಿಜೋಳ ಬಿತ್ತುವುದನ್ನಷ್ಟೇ ಕಂಡ ಮಗುವಿನ ಲೆಕ್ಕದಲ್ಲಿ, ಹೊಲದಲ್ಲಿ ನೀರು ನಿಂತಿತೆಂದರೆ ಬೆಳೆ ಕೆಟ್ಟಿತೆಂದೇ ಅರ್ಥ. ‘ಹೊಲದಾಗ ನೀರು ನಿಂತ್ರ ಬೆಳಿ ಕೊಳಿಯಂಗಿಲ್ಲೇನ್ರೀ?’ ಎಂದು ಅದು ಕೇಳಿದರೆ ಗದರಿಸಬೇಡಿ, ತರಗತಿಯಲ್ಲಿ ಕಥೆಯನ್ನು ನಿಜವಾಗಿ ಕೇಳುತ್ತಿರುವುದು ಆ ಮಗುವೇ. ಕರಿಹಲಗೆಯ ಮೇಲೆ ಬದು ಕಟ್ಟಿದ ಗದ್ದೆಯ ಚಿತ್ರವನ್ನು ಎರಡು ಗೆರೆಯಲ್ಲಿ ಬರೆದು, ಭತ್ತದ ಸಸಿಯ ಬಗ್ಗೆ ನಾಲ್ಕು ಮಾತು ಹೇಳಿ ಮುಂದುವರಿಯಿರಿ.

ಓದುವಾಗ ಪಾತ್ರಕ್ಕೆ ತಕ್ಕಂತೆ ದನಿ ಬದಲಾದರೆ ಸಾಕು, ಬಯಲಾಟದ ಅಬ್ಬರ ಬೇಕಿಲ್ಲ. ಗುರುತು ಹಾಕಿದಲ್ಲಿ ನಿಂತು ‘ಮುಂದೇನಾದೀತು?’ ಎಂದು ಕೇಳಿ. ಉತ್ತರ ಬಂದೊಡನೆ ‘ಯಾವ ಮಾತು ಕೇಳಿ ನಿನಗೆ ಹಾಗನ್ನಿಸಿತು?’ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ, ಏಕೆಂದರೆ ಮಗು ಊಹೆಯನ್ನು ಬಿಟ್ಟು ಕಥೆಗೆ ಮರಳುವುದು ಈ ಎರಡನೆಯ ಪ್ರಶ್ನೆಯಿಂದಲೇ. ಒಂದು ನಿಮಿಷ ಪಕ್ಕದವರೊಡನೆ ಮಾತಾಡಿಕೊಳ್ಳಲು ಬಿಟ್ಟು, ಆಮೇಲೆ ಹಿಂದಿನ ಸಾಲಿನಿಂದ ಒಬ್ಬರನ್ನು ಎಬ್ಬಿಸಿ. ಉತ್ತರ ಮನೆಮಾತಿನಲ್ಲೇ ಬರಲಿ. ಬೆಳಗಾವಿಯ ಗಡಿ ಊರುಗಳಲ್ಲಿ ಅದು ಮರಾಠಿಯೂ ಆಗಿರಬಹುದು. ಭಾಷೆ ತಿದ್ದಲು ಬೇರೆ ಅವಧಿಗಳಿವೆ.

ಮರುದಿನ ಪುಸ್ತಕ ತೆರೆಯದೆ ಒಬ್ಬರಿಂದ ಕಥೆ ಹೇಳಿಸಿ. ನಡುವೆ ಯಾವ ಭಾಗವನ್ನು ಹಾರಿಸಿದರೋ ಆ ಭಾಗವನ್ನಷ್ಟೇ ಮತ್ತೊಮ್ಮೆ ಗಟ್ಟಿಯಾಗಿ ಓದಿ, ಪುಸ್ತಕವನ್ನು ಮಕ್ಕಳ ಕೈಗೆಟುಕುವಲ್ಲಿ ಇಡಿ.